ವೃತ್ತಿಯ ಆಶ್ರಯದಲ್ಲಿ ಪ್ರವೃತ್ತಿ

ಕನ್ನಡ ಪುಸ್ತಕಗಳ ಬೆನ್ನುಪುಟದಲ್ಲಿ ಅಚ್ಚಾಗುವ ಲೇಖಕ ಪರಿಚಯಗಳಲ್ಲಿ ‘ವೃತ್ತಿಯಿಂದ ಇಂಜಿನಿಯರ್, ಪ್ರವೃತ್ತಿಯಿಂದ ಕವಿ’ ಎಂಬಂಥ ಮಾತು ಎಷ್ಟು ರೂಢವಾಗಿದೆಯೆಂದರೆ, ಆ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಓದುವವರ ಗಮನಕ್ಕೆ ಬರುವುದೇ ಅಪರೂಪ. ಜೀವನೋಪಾಯಕ್ಕೆಂದು ಕೈಗೊಂಡು, ತಿಂಗಳಿಗೊಮ್ಮೆ ಸಂಬಳ ತರುವ ಕೆಲಸ ವೃತ್ತಿ. ಯಾರೂ ಹೇಳದಿದ್ದರೂ ಮನಸ್ಸು ತಾನಾಗಿ ಒಲಿದು ಹೋಗುವ ಕೆಲಸ ಪ್ರವೃತ್ತಿ. ಇದೇ ಅಂತರವನ್ನು ರಂಗಭೂಮಿಯವರು ‘ವೃತ್ತಿ ರಂಗಭೂಮಿ’ ಮತ್ತು ‘ಹವ್ಯಾಸಿ ರಂಗಭೂಮಿ’ ಎಂಬ ಮಾತುಗಳಲ್ಲಿ ಗುರುತಿಸುತ್ತಾರೆ. ಟಿಕೆಟ್ ಹಣದಿಂದಲೇ ನಟರ ಹೊಟ್ಟೆ ತುಂಬಬೇಕಾಗಿದ್ದ ಗುಬ್ಬಿ ವೀರಣ್ಣನವರ ಕಂಪನಿಯಂಥದ್ದು ಮೊದಲನೆಯದಾದರೆ, ಹಗಲು ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಸೇರುವವರ ತಂಡ ಎರಡನೆಯದು. ಹವ್ಯಾಸಿ ಎಂದರೆ ಅರೆಬರೆ ಎಂಬ ಅರ್ಥ ಈ ಬಳಕೆಯಲ್ಲಿ ಇಲ್ಲ; ಕಳೆದ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ರಂಗಭೂಮಿಯಲ್ಲಿ ನಡೆದ ಹೊಸ ಪ್ರಯೋಗಗಳಲ್ಲಿ ಬಹುಪಾಲು ಹವ್ಯಾಸಿಗಳವೇ.

ಎರಡು ದೋಣಿಯಲ್ಲಿ ಕಾಲಿಟ್ಟವನ ಸ್ಥಿತಿ ಎಂದು ವೃತ್ತಿಯ ಜೊತೆ ಪ್ರವೃತ್ತಿಯನ್ನು ನಡೆಸುವುದನ್ನು ಹಳಿಯುವವರು ಕನ್ನಡದ ಪರಂಪರೆಯನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಪಂಪ ಕವಿಯೂ ಹೌದು, ಯುದ್ಧರಂಗದ ಕಲಿಯೂ ಹೌದು. ಆತನ ಕಾವ್ಯದ ಹಿಂದೆ ಅರಿಕೇಸರಿಯ ಆಸ್ಥಾನವೂ ಧರ್ಮಪುರವೆಂಬ ಅಗ್ರಹಾರದ ಕೊಡುಗೆಯೂ ಇದ್ದವು. ವಚನಕಾರರಲ್ಲಿ ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ ಮೊದಲಾದವರ ಹೆಸರಿಗೇ ಅವರ ಕಾಯಕ ಅಂಟಿಕೊಂಡಿದೆ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರು. ರಾಜಾಶ್ರಯ ಮುಗಿದ ಮೇಲೆ ಆ ಸ್ಥಾನವನ್ನು ತುಂಬಿದ್ದು ಮಾಸಿಕ ಸಂಬಳ. ಸಂಬಳವನ್ನು ಕಲೆಯ ಶತ್ರುವೆಂದು ಕಾಣುವ ಬದಲು ಈ ಕಾಲದ ಆಶ್ರಯದಾತನೆಂದು ಕಂಡರೆ ಮುಂದಿನ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ಆಶ್ರಯಕ್ಕೆ ಷರತ್ತುಗಳಿರುತ್ತವೆ, ಆ ಷರತ್ತುಗಳು ಕಾಗದದ ಮೇಲೆ ಇರುತ್ತವೆ, ಅವನ್ನು ಓದದೆ ನಡೆದವರು ಸಿಕ್ಕಿಬೀಳುತ್ತಾರೆ. ಓದಿಕೊಂಡವರು ತಮ್ಮ ಕಲೆಯನ್ನು ಅಗ್ಗಕ್ಕೆ ಮಾರಬೇಕಾದ ಒತ್ತಡದಿಂದ ಪಾರಾಗುತ್ತಾರೆ.

ಆಧುನಿಕ ಕನ್ನಡ ಸಾಹಿತ್ಯದ ದೊಡ್ಡ ಭಾಗ ಇಂಥ ಆಶ್ರಯದಲ್ಲೇ ಹುಟ್ಟಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿಯಾಗಿದ್ದುಕೊಂಡೇ ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಬರೆದರು. ‘ಜೀವನ’ ಪತ್ರಿಕೆಯ ಸಂಪಾದಕತ್ವ ವಹಿಸಿದ್ದು ಸೇವೆಯಿಂದ ಹೊರಬಂದ ಬಳಿಕ. 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಕೊಟ್ಟ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಗಳ ಗುಮಾಸ್ತಗಿರಿಯಲ್ಲಿ ಬದುಕಿನ ಬಹುಭಾಗವನ್ನು ಕಳೆದರು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ತಂತ್ರಜ್ಞರಾಗಿದ್ದು, ಆ ಲೋಕದ ಅಧಿಕಾರ ರಾಜಕಾರಣವನ್ನೇ 1979ರ ‘ಶಿಕಾರಿ’ ಕಾದಂಬರಿಯ ದ್ರವ್ಯವಾಗಿಸಿಕೊಂಡರು; ಜಯಂತ ಕಾಯ್ಕಿಣಿಯವರು ಅದೇ ನಗರದ ಔಷಧ ಕಂಪನಿಯಲ್ಲಿ ಜೀವರಸಾಯನಶಾಸ್ತ್ರಜ್ಞರಾಗಿ ದುಡಿದ ವರ್ಷಗಳಲ್ಲೇ ಮುಂಬಯಿಯ ಕಥೆಗಳನ್ನು ಬರೆದರು. ಬೇರೆ ದಾರಿ ಹಿಡಿದವರೂ ಇದ್ದಾರೆ. ಟಿ. ಪಿ. ಕೈಲಾಸಂ ಭೂವಿಜ್ಞಾನ ಇಲಾಖೆಯ ನೌಕರಿಯನ್ನು ಬಿಟ್ಟರು, ಪಿ. ಲಂಕೇಶ್ ಅಧ್ಯಾಪನವನ್ನು ಬಿಟ್ಟು 1980ರಲ್ಲಿ ಪತ್ರಿಕೆ ಆರಂಭಿಸಿದರು, ವಸುಧೇಂದ್ರ ಸಾಫ್ಟ್‌ವೇರ್ ಉದ್ಯೋಗದಿಂದ ಹೊರಬಂದು ಪೂರ್ಣಾವಧಿ ಬರಹಗಾರರೂ ಪ್ರಕಾಶಕರೂ ಆದರು. ಹೀಗೆ ಬಿಟ್ಟವರ ಕಥೆಗಳು ರೋಚಕವಾದ್ದರಿಂದ ಹೆಚ್ಚು ಪ್ರಚಾರ ಪಡೆಯುತ್ತವೆ. ಬಿಡದೆ ಉಳಿದು ಬರೆದವರ ಸಂಖ್ಯೆ ಅವರಿಗಿಂತ ಬಹಳ ದೊಡ್ಡದು.

ಸರ್ಕಾರಿ ನೌಕರರಿಗೆ: ನಡತೆ ನಿಯಮಗಳ ಒಳಗೆ

ಸರ್ಕಾರಿ ಸೇವೆಯಲ್ಲಿರುವವರಿಗೆ ಅನ್ವಯವಾಗುವ ಮೊದಲ ದಾಖಲೆ ‘ನಡತೆ ನಿಯಮಗಳು’, ಎಂದರೆ ನೌಕರನು ಕಚೇರಿಯ ಒಳಗೂ ಹೊರಗೂ ಹೇಗೆ ವರ್ತಿಸಬೇಕೆಂಬುದನ್ನು ಗೊತ್ತುಪಡಿಸುವ ಸೇವಾ ನಿಯಮಾವಳಿ. ಕೇಂದ್ರ ಸರ್ಕಾರದ ನೌಕರರಿಗೆ 1964ರ ನಿಯಮಗಳಿವೆ. ಕರ್ನಾಟಕ ರಾಜ್ಯ ನೌಕರರಿಗೆ 1966ರಿಂದ ಇದ್ದ ನಿಯಮಗಳ ಬದಲಿಗೆ 2021ರಲ್ಲಿ ಹೊಸ ನಿಯಮಗಳು ಬಂದಿವೆ. ಸಾರ್ವಜನಿಕ ವಲಯದ ಬ್ಯಾಂಕುಗಳು, ನಿಗಮಗಳು ಮತ್ತು ವಿಶ್ವವಿದ್ಯಾಲಯಗಳು ಇದೇ ಮಾದರಿಯಲ್ಲಿ ತಮ್ಮದೇ ನಿಯಮಗಳನ್ನು ಹೊಂದಿರುವುದರಿಂದ, ಸಹೋದ್ಯೋಗಿಯೊಬ್ಬರ ಬಾಯಿಮಾತನ್ನು ನಂಬದೆ ತಮ್ಮ ಸಂಸ್ಥೆಯ ಪಠ್ಯವನ್ನೇ ತರಿಸಿಕೊಂಡು ಓದಬೇಕು.

ಕೇಂದ್ರ ನಿಯಮಗಳ 15ನೆಯ ನಿಯಮವು ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾವುದೇ ವ್ಯಾಪಾರ, ವ್ಯವಹಾರ ಅಥವಾ ಬೇರೆ ಉದ್ಯೋಗದಲ್ಲಿ ತೊಡಗುವುದನ್ನು ನಿಷೇಧಿಸುತ್ತದೆ. ಪೂರ್ವಾನುಮತಿ ಎಂದರೆ ಕೆಲಸ ಆರಂಭವಾಗುವ ಮೊದಲೇ ಸಕ್ಷಮ ಪ್ರಾಧಿಕಾರದಿಂದ, ಅಂದರೆ ಅನುಮತಿ ನೀಡುವ ಅಧಿಕಾರವುಳ್ಳ ಮೇಲಧಿಕಾರಿಯಿಂದ, ಲಿಖಿತವಾಗಿ ಪಡೆಯುವ ಒಪ್ಪಿಗೆ. ಮೌನವಾಗಲಿ ಮೆಚ್ಚುಗೆಯ ಮಾತಾಗಲಿ ಒಪ್ಪಿಗೆ ಎನಿಸಿಕೊಳ್ಳುವುದಿಲ್ಲ. ಆದರೆ ಇದೇ ನಿಯಮವು ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ ಸ್ವರೂಪದ ‘ಸಾಂದರ್ಭಿಕ’ ಕೆಲಸಕ್ಕೆ ಅನುಮತಿ ಬೇಕಿಲ್ಲವೆಂದು ಹೇಳಿ, ಅದರಿಂದ ಸರ್ಕಾರಿ ಕರ್ತವ್ಯಕ್ಕೆ ಬಾಧಕವಾಗಬಾರದೆಂದೂ, ಸರ್ಕಾರ ನಿಲ್ಲಿಸಲು ಸೂಚಿಸಿದರೆ ನಿಲ್ಲಿಸಬೇಕೆಂದೂ ಷರತ್ತು ಹಾಕುತ್ತದೆ. ಇಲ್ಲಿ ಇಡೀ ಭಾರ ‘ಸಾಂದರ್ಭಿಕ’ ಎಂಬ ಒಂದು ಪದದ ಮೇಲೆ ನಿಂತಿದೆ. ವರ್ಷಕ್ಕೆ ಎರಡು ಕಥೆ ಪ್ರಕಟಿಸುವುದು ಸಾಂದರ್ಭಿಕ. ಪ್ರತಿವಾರ ಸಂಭಾವನೆ ಪಡೆದು ಅಂಕಣ ಬರೆಯುವುದನ್ನೋ ದಿನದ ಧಾರಾವಾಹಿಗೆ ಸಂಭಾಷಣೆ ಒದಗಿಸುವುದನ್ನೋ ಸಾಂದರ್ಭಿಕವೆಂದು ವಾದಿಸುವುದು ಕಷ್ಟ. ಅನುಮಾನವಿದ್ದಲ್ಲಿ ಅರ್ಜಿ ಕೊಡುವುದೇ ಲೇಸು.

ರಾಜ್ಯದ ಹೊಸ ನಿಯಮಗಳ ಕರಡು 2020ರ ಅಕ್ಟೋಬರಿನಲ್ಲಿ ಪ್ರಕಟವಾದಾಗ ಚಲನಚಿತ್ರ ಮತ್ತು ಧಾರಾವಾಹಿಗಳಲ್ಲಿ ನಟಿಸುವುದರ ಮೇಲಿನ ನಿರ್ಬಂಧ ಸುದ್ದಿಯಾಗಿತ್ತು. ಕ್ಯಾಮೆರಾದ ಮುಂದೆ ನಿಲ್ಲಲು ಬಯಸುವ ರಾಜ್ಯ ನೌಕರರು ‘ಎಲ್ಲರೂ ಮಾಡುತ್ತಾರೆ’ ಎಂಬ ಧೈರ್ಯದ ಮೇಲೆ ಮುಂದುವರಿಯದೆ, ಈಗ ಜಾರಿಯಲ್ಲಿರುವ ಪಠ್ಯವನ್ನು ನೋಡಿ ಲಿಖಿತ ಅನುಮತಿ ಪಡೆದೇ ಹೆಜ್ಜೆ ಇಡಬೇಕು.

ಪತ್ರಿಕೆಯ ಒಡೆತನ, ಸಂಪಾದನೆ, ನಿರ್ವಹಣೆ ಇವುಗಳಿಗೆ ಕೇಂದ್ರ ನಿಯಮಗಳಲ್ಲಿ ಪ್ರತ್ಯೇಕ ಪೂರ್ವಾನುಮತಿ ಬೇಕು. ಗೆಳೆಯರು ಸೇರಿ ಹೊರತರುವ ಸಣ್ಣ ಸಾಹಿತ್ಯ ಪತ್ರಿಕೆಗೂ ಈ ಮಾತು ಅನ್ವಯಿಸುತ್ತದೆ ಎಂಬುದನ್ನು ಉತ್ಸಾಹದಲ್ಲಿ ಅನೇಕರು ಮರೆಯುತ್ತಾರೆ. ಪುಸ್ತಕ ಪ್ರಕಟಿಸಿದಾಗ ಅಲ್ಲಿನ ಅಭಿಪ್ರಾಯಗಳು ಲೇಖಕರವೇ ಹೊರತು ಸರ್ಕಾರದವಲ್ಲ ಎಂದು ಸ್ಪಷ್ಟಪಡಿಸಬೇಕು. ಕಾವ್ಯನಾಮ ಇಟ್ಟುಕೊಂಡರೆ ನಿಯಮದಿಂದ ತಪ್ಪಿಸಿಕೊಳ್ಳಬಹುದೆಂಬ ನಂಬಿಕೆ ಹಳೆಯದು, ಆದರೆ ಸುಳ್ಳು: ಸರ್ಕಾರದ ನೀತಿಯ ಟೀಕೆಯನ್ನು ನಿರ್ಬಂಧಿಸುವ ನಿಯಮವು ಸ್ವಂತ ಹೆಸರಿನಲ್ಲಿ ಬರೆದದ್ದನ್ನೂ, ಹೆಸರಿಲ್ಲದೆ ಬರೆದದ್ದನ್ನೂ, ಗುಪ್ತನಾಮದಲ್ಲಿ ಬರೆದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮನೆಯವರ ಹೆಸರಿನಲ್ಲಿ ಪ್ರಕಾಶನ ಸಂಸ್ಥೆ ನಡೆಸುವ ಉಪಾಯವೂ ಇಷ್ಟೇ ದುರ್ಬಲ. ಕುಟುಂಬದ ಸದಸ್ಯರೊಬ್ಬರು ವ್ಯಾಪಾರದಲ್ಲಿ ತೊಡಗಿದ್ದರೆ ಕೇಂದ್ರ ನೌಕರನು ಅದನ್ನು ಸರ್ಕಾರಕ್ಕೆ ವರದಿ ಮಾಡಬೇಕು, ಆ ವ್ಯಾಪಾರದ ಪರವಾಗಿ ತಾನು ಗಿರಾಕಿಗಳನ್ನು ಹುಡುಕಿದರೆ ಅದೇ ನಿಯಮದ ಉಲ್ಲಂಘನೆಯಾಗುತ್ತದೆ.

ಹಣದ ವಿಚಾರದಲ್ಲಿ ಎರಡು ಪಾರಿಭಾಷಿಕ ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಕೇಂದ್ರದ ಮೂಲಭೂತ ನಿಯಮಗಳ ಪ್ರಕಾರ ಸರ್ಕಾರದ ಸಂಚಿತ ನಿಧಿಯಿಂದ ವಿಶೇಷ ಕೆಲಸಕ್ಕಾಗಿ ದೊರೆಯುವುದು ‘ಗೌರವಧನ’, ಇತರ ಮೂಲಗಳಿಂದ ದೊರೆಯುವುದು ‘ಶುಲ್ಕ’. ನೌಕರನು ಪಡೆಯುವ ಶುಲ್ಕದ ಒಂದು ಪಾಲನ್ನು ಸರ್ಕಾರಕ್ಕೆ ಜಮಾ ಮಾಡಬೇಕಾದ ಸಂದರ್ಭಗಳಿದ್ದರೂ, ಸಾಹಿತ್ಯಿಕ, ಸಾಂಸ್ಕೃತಿಕ ಅಥವಾ ಕಲಾತ್ಮಕ ಪ್ರಯತ್ನದಿಂದ ಬಂದ ಆದಾಯವು ಸೇವಾವಧಿಯಲ್ಲಿ ಗಳಿಸಿದ ಜ್ಞಾನದ ನೆರವಿನಿಂದ ಬಂದದ್ದಲ್ಲವಾದರೆ ಶುಲ್ಕದ ವ್ಯಾಖ್ಯೆಯ ಹೊರಗೇ ಉಳಿಯುತ್ತದೆ. ಆದ್ದರಿಂದ ತೆರಿಗೆ ಅಧಿಕಾರಿಯೊಬ್ಬರು ಬರೆದ ಕವನ ಸಂಕಲನ ಮತ್ತು ಅವರೇ ಬರೆದ ತೆರಿಗೆ ಕೈಪಿಡಿ ನಿಯಮದ ಕಣ್ಣಿಗೆ ಒಂದೇ ಅಲ್ಲ.

ಅರ್ಜಿಯ ಒಕ್ಕಣೆ ಚಿಕ್ಕದಾಗಿರಲಿ. ಕೆಲಸ ಯಾವುದು, ಯಾರಿಗಾಗಿ, ಎಷ್ಟು ಕಾಲ, ಹಣ ಬರುವುದೇ ಇಲ್ಲವೇ, ಕಚೇರಿ ವೇಳೆಯ ಹೊರಗೆ ನಡೆಯುತ್ತದೆಯೇ ಎಂಬುದನ್ನು ತಿಳಿಸಿ, ಕಚೇರಿಯ ಮಾಹಿತಿಯನ್ನಾಗಲಿ ಸಾಧನಗಳನ್ನಾಗಲಿ ಬಳಸುವುದಿಲ್ಲವೆಂಬ ಒಂದು ವಾಕ್ಯವನ್ನು ಸೇರಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಸನ್ಮಾನದ ಶಾಲನ್ನು ಜೋಪಾನವಾಗಿಡುವ ಲೇಖಕರು ಈ ಕಾಗದವನ್ನು ಕಳೆದುಕೊಳ್ಳುವುದು ಸೋಜಿಗ.

ಖಾಸಗಿ ಉದ್ಯೋಗ: ನೇಮಕಾತಿ ಪತ್ರವೇ ಶಾಸನ

ಖಾಸಗಿ ಕಂಪನಿಗಳಲ್ಲಿ ಎಲ್ಲರಿಗೂ ಸಮಾನವಾದ ನಡತೆ ನಿಯಮವಿಲ್ಲ. ನೇಮಕಾತಿ ಪತ್ರ ಮತ್ತು ಅದು ಉಲ್ಲೇಖಿಸುವ ಕಂಪನಿಯ ಕೈಪಿಡಿಯೇ ಶಾಸನದಂತೆ ಕೆಲಸ ಮಾಡುತ್ತವೆ. ಕಾರ್ಖಾನೆಗಳ ಮಟ್ಟಿಗೆ ಒಬ್ಬನೇ ಕಾರ್ಮಿಕ ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಯುವುದಕ್ಕೆ 1948ರ ಕಾಯ್ದೆಯಲ್ಲೇ ನಿರ್ಬಂಧವಿತ್ತು, ಈಚಿನ ಕಾರ್ಮಿಕ ಸಂಹಿತೆಯಲ್ಲೂ ಅದು ಬೇರೆ ರೂಪದಲ್ಲಿ ಉಳಿದಿದೆ. ಅದರ ಉದ್ದೇಶ ದಣಿದ ದೇಹವನ್ನು ಯಂತ್ರದ ಮುಂದೆ ನಿಲ್ಲಿಸದಿರುವುದು. ಸಂಜೆ ಹಾರ್ಮೋನಿಯಂ ಕಲಿಸುವವನಿಗೂ ಅದಕ್ಕೂ ಸಂಬಂಧವಿಲ್ಲ.

ಗುಟ್ಟಾಗಿ ಎರಡನೆಯ ಉದ್ಯೋಗ ಮಾಡುವುದನ್ನು ‘ಮೂನ್‌ಲೈಟಿಂಗ್’ ಎಂದು ಕರೆಯುವುದು ಬೆಂಗಳೂರಿನ ಐಟಿ ವಲಯದಲ್ಲಿ ಮನೆಮಾತಾದದ್ದು 2022ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಸ್ವಿಗ್ಗಿ ಷರತ್ತುಬದ್ಧವಾಗಿ ಇದಕ್ಕೆ ಅವಕಾಶ ನೀಡುವ ನೀತಿಯನ್ನು ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿರುವುದಾಗಿ ಹೇಳಿದರು. ಮೊದಲು ಎಚ್ಚರಿಕೆ ನೀಡಿದ್ದ ಇನ್ಫೋಸಿಸ್ ಅಕ್ಟೋಬರಿನಲ್ಲಿ ಪೂರ್ವಾನುಮತಿ ಪಡೆದು ಹೊರಗಿನ ಬಿಡಿ ಕೆಲಸ ಮಾಡಬಹುದೆಂದು ತಿಳಿಸಿತು. ಎರಡನೆಯ ಕೆಲಸ ಮೊದಲನೆಯ ಯಜಮಾನನ ಹಿತಕ್ಕೆ ಎದುರಾಗಿ ನಿಲ್ಲುತ್ತದೆಯೇ, ಅದೇ ಗಂಟೆಗಳನ್ನು ಕಬಳಿಸುತ್ತದೆಯೇ ಎಂಬುದು ಈ ಮೂರು ನಿಲುವುಗಳ ನಡುವಣ ಸಾಮಾನ್ಯ ಪ್ರಶ್ನೆ. ಕಾದಂಬರಿ ಬರೆಯುವವರು ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತಾರೆ. ರಾತ್ರಿ ಹೊತ್ತು ಇನ್ನೊಂದು ಕಂಪನಿಗೆ ಕೋಡ್ ಬರೆಯುವವರು ಆಗುವುದಿಲ್ಲ. ಇನ್ನೊಂದು ಕಡೆ ಸಂಬಳಕ್ಕೇ ಸೇರಿಕೊಂಡವರ ಗುಟ್ಟು ರಟ್ಟಾಗುವುದು ಬಹುಮಟ್ಟಿಗೆ ಭವಿಷ್ಯ ನಿಧಿಯಿಂದ, ಏಕೆಂದರೆ ಪ್ರತಿ ಸದಸ್ಯನಿಗೂ ಇರುವ ಒಂದೇ ಯುಎಎನ್ ಸಂಖ್ಯೆಯ ಅಡಿಯಲ್ಲಿ ಇಬ್ಬರು ಮಾಲೀಕರ ವಂತಿಗೆ ಒಂದೇ ತಿಂಗಳಲ್ಲಿ ಜಮೆಯಾಗಿ ಕಾಣಿಸಿಕೊಳ್ಳುತ್ತದೆ.

ನೇಮಕಾತಿ ಪತ್ರದಲ್ಲಿ ಹುಡುಕಬೇಕಾದ ಷರತ್ತುಗಳಲ್ಲಿ ಪೂರ್ಣಕಾಲಿಕ ನಿಷ್ಠೆಯದ್ದು ಮುಖ್ಯ. ಉದ್ಯೋಗದ ಅವಧಿಯಲ್ಲಿ ಬೇರೆಡೆ ದುಡಿಯಬಾರದೆಂಬ ಇಂಥ ಕರಾರು ಊರ್ಜಿತವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ನಿರಂಜನ್ ಶಂಕರ್ ಗೋಲಿಕರಿ ಪ್ರಕರಣದಲ್ಲಿ ಒಪ್ಪಿದೆ. ಕೆಲಸ ಬಿಟ್ಟ ಮೇಲೂ ಆ ಕ್ಷೇತ್ರಕ್ಕೆ ಕಾಲಿಡಬಾರದೆಂಬ ಷರತ್ತಿನ ಕಥೆ ಬೇರೆ. 1872ರ ಕರಾರು ಕಾಯ್ದೆಯ 27ನೆಯ ಕಲಂ ವೃತ್ತಿಗೆ ತಡೆಯೊಡ್ಡುವ ಒಪ್ಪಂದವನ್ನು ಅಸಿಂಧುವೆನ್ನುತ್ತದೆ. ಹೀಗಾಗಿ ಕೆಲಸದಲ್ಲಿದ್ದಾಗ ವಿನಯವೂ ಬಿಟ್ಟ ಮೇಲೆ ಧೈರ್ಯವೂ ಕಾನೂನುಬದ್ಧವೇ.

ಕೃತಿ ಯಾರದು?

ಕಲೆಯ ಕಡೆಗೆ ಒಲಿದ ನೌಕರರು ಅತ್ಯಂತ ಕಡಿಮೆ ಯೋಚಿಸುವ, ಆದರೆ ಅತ್ಯಂತ ದುಬಾರಿಯಾಗಬಲ್ಲ ವಿಷಯ ಕೃತಿಸ್ವಾಮ್ಯ. ಕೃತಿಯನ್ನು ನಕಲಿಸುವ, ಪ್ರಕಟಿಸುವ, ಅನುವಾದಿಸುವ, ನಾಟಕ ಅಥವಾ ಚಿತ್ರಕ್ಕೆ ಅಳವಡಿಸುವ ಹಕ್ಕುಗಳ ಕಟ್ಟನ್ನು ಹಾಗೆ ಕರೆಯುತ್ತಾರೆ. ಲೇಖಕರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಅದು ಬಾಳುತ್ತದೆ. 1957ರ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದರ ಕರ್ತೃವೇ. ಆದರೆ ಉದ್ಯೋಗದ ಭಾಗವಾಗಿ ರಚಿಸಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನೇ ಮೊದಲ ಒಡೆಯ. ಬ್ಯಾಂಕಿನ ಗುಮಾಸ್ತ ಬರೆದ ನಾಟಕ ಬ್ಯಾಂಕಿನದಾಗುವುದಿಲ್ಲ, ಏಕೆಂದರೆ ನಾಟಕ ಬರೆಯುವುದು ಅವನ ಉದ್ಯೋಗದ ಭಾಗವಲ್ಲ. ಜಾಹೀರಾತು ಸಂಸ್ಥೆಯ ಬರಹಗಾರ, ಟಿವಿ ವಾಹಿನಿಯ ಕಥಾ ವಿಭಾಗದ ನೌಕರ, ಆಟದ ತಂತ್ರಾಂಶ ತಯಾರಿಸುವ ಕಂಪನಿಯ ಚಿತ್ರಕಾರ, ಇವರಿಗೆ ಮಾತ್ರ ಗೆರೆ ತೆಳುವಾಗಿದೆ. ಇಂಥವರು ತಮ್ಮ ಸ್ವಂತ ಕೃತಿಯ ಕರಡನ್ನು ಕಚೇರಿಯ ಲ್ಯಾಪ್‌ಟಾಪಿನಲ್ಲಾಗಲಿ ಕಚೇರಿಯ ಇಮೇಲಿನಲ್ಲಾಗಲಿ ಇಡಬಾರದು, ಕೆಲಸಕ್ಕೆ ಸೇರುವಾಗಲೇ ಹಿಂದೆ ಬರೆದ ಕೃತಿಗಳ ಪಟ್ಟಿಯನ್ನು ಕೊಟ್ಟು ಅವು ಕರಾರಿನ ಹೊರಗೆಂದು ದಾಖಲಿಸಿಕೊಳ್ಳಬೇಕು.

ಇದೇ ಕಲಮಿನಲ್ಲಿ ಎರಡು ರಿಯಾಯಿತಿಗಳು ಅಡಗಿವೆ. ಪತ್ರಿಕಾ ಸಂಸ್ಥೆಯ ನೌಕರನು ಪತ್ರಿಕೆಗಾಗಿ ಬರೆದದ್ದರಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗಿನ ಹಕ್ಕು ಮಾತ್ರ ಮಾಲೀಕನದು. ಆ ಬರಹವನ್ನು ಪುಸ್ತಕವಾಗಿಸುವ, ಅನುವಾದಕ್ಕೆ ಕೊಡುವ ಹಕ್ಕುಗಳು ಬರೆದವನಲ್ಲೇ ಉಳಿಯುತ್ತವೆ. ಸಾರ್ವಜನಿಕವಾಗಿ ಮಾಡಿದ ಭಾಷಣದ ಹಕ್ಕು, ಭಾಷಣಕಾರನು ಯಾರ ನೌಕರನಾಗಿದ್ದರೂ, ಅವನದೇ. ಉಪನ್ಯಾಸಗಳನ್ನೇ ಪುಸ್ತಕವಾಗಿಸುವ ಅಧ್ಯಾಪಕರಿಗೆ ಈ ಎರಡನೆಯದು ಉಪಯುಕ್ತ.

ಪ್ರಕಾಶಕರಿಗೆ ಹಕ್ಕನ್ನು ವರ್ಗಾಯಿಸುವ ಪತ್ರ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಕನ್ನಡದಲ್ಲಿ ಇಂದಿಗೂ ಅನೇಕ ಪುಸ್ತಕಗಳು ಕಾಫಿ ಕುಡಿಯುತ್ತಾ ಆಡಿದ ಮಾತಿನ ಮೇಲೆ ಅಚ್ಚಾಗುತ್ತವೆ. ಆ ಆತ್ಮೀಯತೆ ಚೆಂದವೇ ಆದರೂ ಹಕ್ಕನ್ನು ಮಾರಿದಂತೆಯೂ ಆಗದೆ, ಉಳಿಸಿಕೊಂಡಂತೆಯೂ ಆಗದೆ ವಾರಸುದಾರರ ಕಾಲದಲ್ಲಿ ಜಗಳವಾಗಿ ಮೊಳೆಯುತ್ತದೆ. ಚಿತ್ರಗೀತೆ ಬರೆಯುವ ಹವ್ಯಾಸಿಗಳು 2012ರ ತಿದ್ದುಪಡಿಯನ್ನು ತಿಳಿದಿರಬೇಕು: ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಪ್ರದರ್ಶನವಾಗುವುದನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ಗೀತಕಾರನಿಗಿರುವ ಸಮಪಾಲನ್ನು, ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು, ಬೇರಾರಿಗೂ ಬಿಟ್ಟುಕೊಡಲು ಬರುವುದಿಲ್ಲ, ಬಿಟ್ಟುಕೊಟ್ಟೆನೆಂದು ಬರೆದ ಕರಾರಿಗೂ ಬೆಲೆಯಿಲ್ಲ.

ಪ್ರವೃತ್ತಿಯ ಲೆಕ್ಕಪತ್ರ

ಕನ್ನಡದಲ್ಲಿ ಲೇಖಕರಿಗೆ ಸಿಗುವ ರಾಯಧನ ಸಾಮಾನ್ಯವಾಗಿ ಮುಖಬೆಲೆಯ ಶೇಕಡಾ 10ರ ಆಸುಪಾಸಿನದು. 200 ರೂಪಾಯಿ ಬೆಲೆಯ ಪುಸ್ತಕದ 1,000 ಪ್ರತಿಗಳೂ ಮಾರಾಟವಾದರೆ ಲೇಖಕರಿಗೆ 20,000 ರೂಪಾಯಿ. ಆ ಪುಸ್ತಕಕ್ಕೆ ಎರಡು ವರ್ಷ ಹಿಡಿದಿದ್ದರೆ ತಿಂಗಳಿಗೆ ಸುಮಾರು 833 ರೂಪಾಯಿ. ಈ ಗುಣಾಕಾರವನ್ನು ಒಮ್ಮೆ ಕಾಗದದ ಮೇಲೆ ಮಾಡಿದವರಿಗೆ ಸಂಬಳದ ಬಗ್ಗೆ ತಾನಾಗಿ ಗೌರವ ಹುಟ್ಟುತ್ತದೆ. ಚಿತ್ರಸಾಹಿತ್ಯ, ಅನುವಾದ, ಕಾರ್ಯಕ್ರಮ ನಿರೂಪಣೆ, ಧ್ವನಿದಾನ ಇವುಗಳಲ್ಲಿ ಇದಕ್ಕಿಂತ ಹೆಚ್ಚು ಹಣವಿದೆ. ಮೊದಲ ಪುಸ್ತಕದ ಮಟ್ಟಿಗೆ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ನೀಡುವ ಪ್ರೋತ್ಸಾಹಧನವನ್ನೂ ಪರಿಶೀಲಿಸಬಹುದು.

ಹೊರಗಿನ ಆದಾಯ ಎಷ್ಟೇ ಚಿಕ್ಕದಿದ್ದರೂ ಅದು ತೆರಿಗೆಯ ವಿವರಪಟ್ಟಿಯಲ್ಲಿ ಕಾಣಬೇಕು. ಸಂಭಾವನೆ ಕೊಡುವ ಸಂಸ್ಥೆ ಶೇಕಡಾ 10ರಷ್ಟನ್ನು ಮೂಲದಲ್ಲೇ ಕಡಿತ ಮಾಡಿದ್ದರೆ, ಅಂದರೆ ಹಣ ಕೈಸೇರುವ ಮೊದಲೇ ತೆರಿಗೆಯ ಪಾಲನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದ್ದರೆ, ಅದು ಪ್ಯಾನ್ ಸಂಖ್ಯೆಯ ಜೊತೆ ಇಲಾಖೆಯ ದಾಖಲೆಯಲ್ಲಿ ಆಗಲೇ ಕುಳಿತಿರುತ್ತದೆ. ಮರೆಮಾಚಲು ಏನೂ ಉಳಿದಿರುವುದಿಲ್ಲ. ವೃತ್ತಿಪರ ಸಂಭಾವನೆಯಾಗಿ ತೋರಿಸುವ ಆದಾಯವಿದ್ದಾಗ ಸಂಬಳದವರ ಸರಳ ನಮೂನೆಯಾದ ಐಟಿಆರ್-1 ಸಾಲದು, ಸಂದರ್ಭಕ್ಕೆ ತಕ್ಕಂತೆ ಐಟಿಆರ್-3 ಅಥವಾ 4ನ್ನು ಬಳಸಬೇಕು. ಗೊತ್ತುಪಡಿಸಿದ ಕೆಲವು ವೃತ್ತಿಗಳಿಗೆ ಅಂದಾಜು ಲಾಭದ ಪದ್ಧತಿಯಿದೆ: ಒಟ್ಟು ಸಂದಾಯದ ಅರ್ಧವನ್ನು ಲಾಭವೆಂದು ಘೋಷಿಸಿದರೆ ವಿವರವಾದ ಲೆಕ್ಕಪುಸ್ತಕ ಇಡುವ ಹೊರೆ ತಪ್ಪುತ್ತದೆ. ಚಿತ್ರರಂಗದ ನಟರು, ಗಾಯಕರು, ಕಥೆ, ಸಂಭಾಷಣೆ ಮತ್ತು ಗೀತೆ ಬರೆಯುವವರು ಈ ಪಟ್ಟಿಯಲ್ಲಿದ್ದಾರೆ. ಬರೀ ಕಾದಂಬರಿಕಾರರನ್ನು ಆ ಪಟ್ಟಿ ಹೆಸರಿಸುವುದಿಲ್ಲ.

ಪುಸ್ತಕ ಲೇಖಕರಿಗೆ ಬೇರೆ ಸೌಲಭ್ಯವಿದೆ. ಸಾಹಿತ್ಯ, ಕಲೆ ಅಥವಾ ವಿಜ್ಞಾನದ ಕೃತಿಗೆ ಬಂದ ರಾಯಧನದಲ್ಲಿ 3 ಲಕ್ಷ ರೂಪಾಯಿಯವರೆಗೆ ವಿನಾಯಿತಿ ಪಡೆಯಬಹುದು. ಶಾಲಾ ಪಠ್ಯಪುಸ್ತಕ, ಪತ್ರಿಕೆ, ಡೈರಿಗಳಂಥವು ಇದರೊಳಗೆ ಬರುವುದಿಲ್ಲ. ಆದರೆ ಈ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. ಹಳೆಯ ಮತ್ತು ಹೊಸ ಪದ್ಧತಿಗಳ ನಡುವಣ ಆಯ್ಕೆಯಲ್ಲಿ ಒಂದು ಕಂದಕವಿದೆ: ಸಂಬಳದ ಆದಾಯ ಮಾತ್ರ ಇರುವವರು ಪ್ರತಿ ವರ್ಷ ತಮಗೆ ಲಾಭವಾದದ್ದನ್ನು ಆರಿಸಿಕೊಳ್ಳಬಹುದು, ಆದರೆ ವ್ಯವಹಾರ ಅಥವಾ ವೃತ್ತಿಯ ಆದಾಯ ಸೇರಿಕೊಂಡವರು ಹೊಸ ಪದ್ಧತಿಯಿಂದ ಹಳೆಯದಕ್ಕೆ ಹೋದರೆ ಮರಳಿ ಬರಲು ಒಂದೇ ಒಂದು ಅವಕಾಶವಿರುತ್ತದೆ. ಐದಾರು ಸಾವಿರ ರೂಪಾಯಿಯ ಸಂಭಾವನೆಯನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂಬುದು ಆದ್ದರಿಂದ ಸಣ್ಣ ಪ್ರಶ್ನೆಯಲ್ಲ; ಮೊದಲ ವರ್ಷವಾದರೂ ಲೆಕ್ಕಪರಿಶೋಧಕರ ಸಲಹೆಗೆ ಹಣ ಖರ್ಚು ಮಾಡುವುದು ಸಾರ್ಥಕ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪುಗೊಂಡು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ಕೈಪಿಡಿಗಳ ಸಂಖ್ಯೆಗಳನ್ನು ಹಾಗೆಯೇ ಬಳಸಬಾರದು.

ಕಡಿತಗಳೆಲ್ಲ ಕಳೆದ ಮೇಲೂ ವರ್ಷಕ್ಕೆ 10,000 ರೂಪಾಯಿ ಅಥವಾ ಹೆಚ್ಚು ತೆರಿಗೆ ಬಾಕಿಯಾಗುವಂತಿದ್ದರೆ ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳ 15ನೆಯ ತಾರೀಖಿನೊಳಗೆ ಕಂತುಗಳಲ್ಲಿ ಕಟ್ಟಬೇಕು, ತಪ್ಪಿದರೆ ಬಡ್ಡಿ ಬೀಳುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ಸಂಬಳ ಈ ಲೆಕ್ಕಕ್ಕೆ ಸೇರದ ಕಾರಣ ಹವ್ಯಾಸಿಗಳಲ್ಲಿ ಹೆಚ್ಚಿನವರು ಆ ಗಡಿಯ ಹತ್ತಿರವೂ ಸುಳಿಯುವುದಿಲ್ಲ.

ಹೊತ್ತಿನ ಹಂಚಿಕೆ

ಎರಡು ಕೆಲಸಗಳ ನಡುವೆ ಹೊತ್ತನ್ನು ಹಂಚುವ ಬಗೆಯನ್ನು ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನ ಹವ್ಯಾಸಿಗಳಿಂದ ಕಲಿಯುವುದು ಸೂಕ್ತ. ವೃತ್ತಿ ಮೇಳಗಳ ತಿರುಗಾಟ ದೀಪಾವಳಿಯ ನಂತರ ಆರಂಭವಾಗಿ ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ದಿನದವರೆಗೆ ಸಾಂಪ್ರದಾಯಿಕವಾಗಿ ರಾತ್ರಿಯಿಡೀ ನಡೆಯುವಂಥದ್ದು. ಬೆಳಿಗ್ಗೆ ಶಾಲೆಯ ಗಂಟೆಗೆ ಹಾಜರಾಗಬೇಕಾದ ಮೇಷ್ಟರಿಗೆ ಅದು ಎಟುಕುವುದಿಲ್ಲ. ಅವರು ಆರಿಸಿಕೊಂಡದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ; ಹಾಡಿನ ನಡುವೆ ಕುಳಿತಲ್ಲೇ ಪಾತ್ರದ ಮಾತನ್ನು ಆಶುವಾಗಿ ಕಟ್ಟುವ ಈ ಪ್ರಕಾರದಲ್ಲಿ ಅರ್ಥಧಾರಿಗಳಾಗಿ ಹೆಸರು ಮಾಡಿದವರಲ್ಲಿ ಕಾಲೇಜು ಅಧ್ಯಾಪಕರಾಗಿದ್ದ ಎಂ. ಪ್ರಭಾಕರ ಜೋಶಿಯವರಂಥ ವಿದ್ವಾಂಸರಿದ್ದಾರೆ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದಾಗ ಕೂಟಗಳು ಹೆಚ್ಚುತ್ತವೆ. ಪ್ರಸಂಗವನ್ನು ಕೆಲವೇ ಗಂಟೆಗಳಿಗೆ ಇಳಿಸಿದ ಕಾಲಮಿತಿ ಯಕ್ಷಗಾನವೂ ಮರುದಿನ ಕಚೇರಿಗೆ ಹೋಗುವ ಪ್ರೇಕ್ಷಕನಿಗೂ ಕಲಾವಿದನಿಗೂ ಅನುಕೂಲವಾಗಿಯೇ ಹಬ್ಬಿತು. ತಮ್ಮ ಕಲೆಯೊಳಗೇ ನೌಕರಿಗೆ ಹೊಂದುವ ರೂಪ ಯಾವುದು, ಋತು ಯಾವುದು ಎಂದು ಹುಡುಕುವುದು ದಿನಚರಿಯನ್ನು ಹಿಂಡುವುದಕ್ಕಿಂತ ಜಾಣತನ. ಕಾದಂಬರಿಗೆ ಬಿಡುವಿಲ್ಲದ ವರ್ಷಗಳಲ್ಲಿ ಕಥೆ, ಕಥೆಗೂ ಬಿಡುವಿಲ್ಲದಾಗ ಅನುವಾದ ಎಂದು ಹೊಂದಿಸಿಕೊಂಡ ಲೇಖಕರು ಬರವಣಿಗೆಯ ತಂತು ಕಡಿಯದಂತೆ ನೋಡಿಕೊಂಡಿದ್ದಾರೆ.

ನಿದ್ದೆಯನ್ನು ಕದ್ದು ಕಲೆಗೆ ಕೊಡುವುದು ಒಂದೆರಡು ವಾರಕ್ಕೆ ನಡೆಯುತ್ತದೆ, ಆಮೇಲೆ ಎರಡೂ ಕೆಡುತ್ತವೆ. ರಜೆಯ ಸಂಗತಿ ಕೂಡ ಎಚ್ಚರದ್ದೇ: ಸರ್ಕಾರಿ ನೌಕರನು ರಜೆಯಲ್ಲಿದ್ದರೂ ಅನುಮತಿಯಿಲ್ಲದೆ ಬೇರೆ ಉದ್ಯೋಗ ಸ್ವೀಕರಿಸುವಂತಿಲ್ಲ, ಕಾಯಿಲೆಯೆಂದು ಅರ್ಜಿ ಕೊಟ್ಟ ದಿನದ ನಾಟಕದ ಫೋಟೋ ಮರುದಿನ ಪತ್ರಿಕೆಯಲ್ಲಿ ಬರಲು ತಡವಾಗುವುದಿಲ್ಲ.

ಬಿಡುವ ಮುನ್ನ

ಪ್ರವೃತ್ತಿಯೇ ವೃತ್ತಿಯಾಗುವ ಕಾಲ ಕೆಲವರಿಗೆ ಬರುತ್ತದೆ. ಹೊರಗಿನ ಆದಾಯ ಒಂದು ವರ್ಷ ಚೆನ್ನಾಗಿದ್ದುದನ್ನು ಆಧಾರವಾಗಿಟ್ಟು ರಾಜೀನಾಮೆ ಕೊಡುವುದು ದುಡುಕು. ಮೂರು ವರ್ಷಗಳ ಸರಾಸರಿಯನ್ನು ತೆಗೆದು, ಅದರಲ್ಲಿ ಅತಿ ಕೆಟ್ಟ ವರ್ಷದ ಮೊತ್ತದಲ್ಲಿ ಸಂಸಾರ ನಡೆಯುತ್ತದೆಯೇ ಎಂದು ನೋಡುವುದು ವಿವೇಕ. ಸಂಸ್ಥೆ ಒಪ್ಪುವುದಾದರೆ ವೇತನರಹಿತ ರಜೆಯ ಮೇಲೆ ಕೆಲವು ತಿಂಗಳು ಹೊರಗಿದ್ದು ನೋಡಬಹುದು. ಸಂಬಳದ ಜೊತೆಗೆ ಕಾಣದಂತೆ ಬರುತ್ತಿದ್ದ ಆರೋಗ್ಯ ವಿಮೆ ಕೆಲಸ ಬಿಟ್ಟೊಡನೆ ಸಾಮಾನ್ಯವಾಗಿ ನಿಂತುಹೋಗುತ್ತದೆ, ಸ್ವಂತ ಪಾಲಿಸಿಯಲ್ಲಿ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಆದ್ದರಿಂದ ಕೆಲಸದಲ್ಲಿ ಇರುವಾಗಲೇ ಅದನ್ನು ಆರಂಭಿಸಬೇಕು.

ಖಾಸಗಿ ನೌಕರರು ಎರಡು ಅವಧಿಗಳನ್ನು ಮುಖ್ಯವಾಗಿ ಲೆಕ್ಕ ಹಾಕಬೇಕು. ಕಾಯಂ ನೌಕರರಿಗೆ ಗ್ರಾಚ್ಯುಟಿಯ ಹಕ್ಕು, ಅಂದರೆ ದೀರ್ಘ ಸೇವೆಗೆಂದು ನಿರ್ಗಮನದ ವೇಳೆ ಮಾಲೀಕನು ಕೊಡಬೇಕಾದ ಇಡಿಗಂಟು, ಐದು ವರ್ಷಗಳ ನಿರಂತರ ಸೇವೆಯಿಂದ ಹುಟ್ಟುತ್ತದೆ. ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನಗಳ ಕೊನೆಯ ವೇತನದಂತೆ ಅದನ್ನು ಗುಣಿಸುತ್ತಾರೆ. ಭವಿಷ್ಯ ನಿಧಿಯ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷಗಳ ಸದಸ್ಯತ್ವ ಪೂರೈಸಿದವರಿಗೆ 58ನೆಯ ವಯಸ್ಸಿನಿಂದ ತಿಂಗಳ ಪಿಂಚಣಿ ದೊರೆಯುತ್ತದೆ, ಪೂರೈಸದವರಿಗೆ ಹಣ ಹಿಂತೆಗೆಯುವ ಅಥವಾ ಸದಸ್ಯತ್ವವನ್ನು ಮುಂದಿನ ಉದ್ಯೋಗಕ್ಕೆ ಒಯ್ಯುವ ಪ್ರಮಾಣಪತ್ರ ಪಡೆಯುವ ದಾರಿ ಮಾತ್ರ. ಸರ್ಕಾರಿ ಸೇವೆಯಲ್ಲಿ ರಾಜೀನಾಮೆಯೂ ಸ್ವಯಂ ನಿವೃತ್ತಿಯೂ ಒಂದೇ ಅಲ್ಲ. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವವರಿಗೆ ರಾಜೀನಾಮೆಯಿಂದ ಹಿಂದಿನ ಸೇವೆಯೇ ಪಿಂಚಣಿಯ ಲೆಕ್ಕದಿಂದ ಅಳಿದುಹೋಗುತ್ತದೆ, ಸ್ವಯಂ ನಿವೃತ್ತಿಯಿಂದ ಅಳಿಯುವುದಿಲ್ಲ. ಕೇಂದ್ರ ನೌಕರರು 20 ವರ್ಷಗಳ ಅರ್ಹ ಸೇವೆಯ ಬಳಿಕ ಮೂರು ತಿಂಗಳ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು. ಬಿಡುವ ನಿರ್ಧಾರ ಗಟ್ಟಿಯಾಗಿರುವ ಓದುಗರು ರಾಜೀನಾಮೆಯ ಒಕ್ಕಣೆಗೆ ಕೂರುವ ಮುನ್ನ ತಮ್ಮ ನೇಮಕಾತಿ ಪತ್ರವನ್ನೋ ಸೇವಾ ಪುಸ್ತಕವನ್ನೋ ತೆಗೆದು, ಅದರಲ್ಲಿ ಸೇವೆಗೆ ಸೇರಿದ ದಿನಾಂಕ ಯಾವುದೆಂದು ಒಮ್ಮೆ ನೋಡಿಕೊಳ್ಳಲಿ.